ರವಿವಾರ ಅಂಗಡಿ ತೆಗೆಯುವ ಮೊದಲು ಸೂಟಿ ಪಟ್ಟಿ ಬರೆಯಿರಿ

ಹುಬ್ಬಳ್ಳಿಯ ಕೊಪ್ಪಿಕರ ರಸ್ತೆ ಕಡೆ ಒಂದು ಜವಳಿ ಅಂಗಡಿಯಲ್ಲಿ ನಾನು ಸೂಪರ್‌ವೈಸರ್. ಯಾರು ಯಾವ ಕೌಂಟರಿಗೆ, ಯಾರಿಗೆ ಯಾವತ್ತು ಸೂಟಿ ಎಂದು ಪಟ್ಟಿ ಬರೆಯುವವಳು ನಾನೇ. ರವಿವಾರ ಅಂಗಡಿ ತೆಗೆಯಬೇಕೋ ಬೇಡವೋ ಎಂಬ ಮಾತು ಬಂದಾಗಲೆಲ್ಲ ಮಾಲೀಕರು ಗಿರಾಕಿ ಲೆಕ್ಕ ಹೇಳುತ್ತಾರೆ, ಕೆಲಸದವರು ಮನೆ ಲೆಕ್ಕ ಹೇಳುತ್ತಾರೆ. ಎರಡೂ ನಿಜ.

ಮದುವೆ ಜವಳಿಗೆ ಯಾರೂ ಒಬ್ಬರೇ ಬರುವುದಿಲ್ಲ. ಕುಂದಗೋಳ, ಕಲಘಟಗಿ, ನವಲಗುಂದದಿಂದ ಗಾಡಿ ಮಾಡಿಕೊಂಡು ಬೀಗರೆಲ್ಲ ಬರುತ್ತಾರೆ. ಅವರಲ್ಲಿ ಒಬ್ಬರು ಮಾಸ್ತರು, ಒಬ್ಬರು ಬ್ಯಾಂಕಿನವರು ಇದ್ದೇ ಇರುತ್ತಾರೆ. ಎಲ್ಲರಿಗೂ ಬಿಡುವು ರವಿವಾರವೇ. ಅವತ್ತು ಬಾಗಿಲು ಹಾಕಿದರೆ ಬಸ್ತಾ, ಅಂದರೆ ಮದುವೆ ಜವಳಿಯ ಖರೀದಿ, ಬೇರೆ ಅಂಗಡಿಗೆ ಹೋಯಿತು. ಹಾಗಾಗಿ ತೆಗೆಯುವುದೇ ತಪ್ಪು ಎಂದು ನಾನು ಹೇಳಲಾರೆ.

ನಾನು ಕೇಳುವುದು ಜನ ಸಾಲುತ್ತಾರಾ ಅಂತ. ಏಳೂ ದಿನ ಕೌಂಟರಿನಲ್ಲಿ ಆರು ಜನ ನಿಲ್ಲಬೇಕೆಂದರೆ ಪಟ್ಟಿಯಲ್ಲಿ ಏಳು ಜನ ಇರಬೇಕು. ಆ ಏಳನೆಯವರು ಇಲ್ಲದಿದ್ದರೆ ಯಾರದೋ ಸೂಟಿ ಹೋಗುತ್ತದೆ. ಒಂದೇ ಮಾತಿನಲ್ಲಿ ಹೋಗುತ್ತದೆ: "ಈ ವಾರ ಗದ್ದಲ ಭಾಳ ಐತಿ, ಮುಂದಿನ ವಾರ ಎರಡು ದಿನ ತಗೋ." ಮುಂದಿನ ವಾರವೂ ಗದ್ದಲ ಇರುತ್ತದೆ, ಅಲ್ವಾ?

ನಮ್ಮ ರಾಜ್ಯದ ಅಂಗಡಿಗಳ ಕಾಯ್ದೆ 1961ರದು. ವಾರಕ್ಕೊಂದು ದಿನ ಮುಚ್ಚಬೇಕು ಎಂದಿತ್ತೇ ಹೊರತು ಅದು ರವಿವಾರವೇ ಆಗಬೇಕೆಂದು ಇರಲಿಲ್ಲ. 2021ರ ಜನವರಿಯಲ್ಲಿ ಸರ್ಕಾರ, 10 ಅಥವಾ ಹೆಚ್ಚು ಜನ ಕೆಲಸಕ್ಕಿರುವ ಅಂಗಡಿಗಳು ಮೂರು ವರ್ಷದ ಮಟ್ಟಿಗೆ ಎಲ್ಲ ದಿನವೂ ತೆರೆದಿರಬಹುದು ಎಂದಿತು. ಮಾರ್ಕೆಟ್ಟಿನಲ್ಲಿ ಎಲ್ಲರ ಬಾಯಲ್ಲಿ ಉಳಿದಿದ್ದು ಇಷ್ಟೇ. ಸರದಿಯ ಮೇಲೆ ಪ್ರತಿಯೊಬ್ಬರಿಗೂ ವಾರದ ರಜೆ ಸಿಗುವಂತೆ ಹೆಚ್ಚು ಜನರನ್ನು ಇಟ್ಟುಕೊಳ್ಳಬೇಕು ಎಂಬ ಷರತ್ತೂ ಅದೇ ಆದೇಶದಲ್ಲಿತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂಬ ಮಿತಿಯೂ ಇತ್ತು. ಅದಕ್ಕಿಂತ ಜಾಸ್ತಿ ದುಡಿಸಿದರೆ ಕಾಯ್ದೆ ಪ್ರಕಾರ ಆ ಹೆಚ್ಚಿನ ಹೊತ್ತಿಗೆ (ಓಟಿಗೆ) ಎರಡು ಪಟ್ಟು ಕೂಲಿ.

ಲೆಕ್ಕಕ್ಕೆ ಸಿಗದ ವಿಷಯ ಇನ್ನೊಂದಿದೆ. ಬುಧವಾರದ ಸೂಟಿ ರವಿವಾರದ ಸೂಟಿಗೆ ಸಮ ಆಗುವುದಿಲ್ಲ. ನಮ್ಮ ಸೀರೆ ಕೌಂಟರಿನ ಹುಡುಗಿ ಕೇಳಿದಳು: "ಅಕ್ಕಾರ, ಬುಧವಾರ ಹುಡುಗ್ರು ಸಾಲಿಗೆ ಹೋಗಿರ್ತಾವ. ಮನ್ಯಾಗ ಗ್ವಾಡಿ ಜೋಡಿ ಮಾತಾಡ್ಲೇನ್ರಿ?" 1890ರಲ್ಲಿ ಮುಂಬೈಯ ಗಿರಣಿ ಕೆಲಸಗಾರರಿಗೆ ನಾರಾಯಣ ಮೇಘಾಜಿ ಲೋಖಂಡೆ ಹೋರಾಡಿ ಕೊಡಿಸಿದ್ದು ಎಲ್ಲರಿಗೂ ಒಟ್ಟಿಗೆ ಸಿಗುವ ರವಿವಾರದ ರಜೆ. ಅದರ ಬೆಲೆ ಅವಳ ಮಾತಿನಲ್ಲಿದೆ.

ಅದಕ್ಕೆ ಈಗ ನಮ್ಮಲ್ಲಿ ತಿಂಗಳಿಗೆ ಒಂದಾದರೂ ರವಿವಾರ ಪ್ರತಿಯೊಬ್ಬರ ಪಾಲಿಗೆ ಇದ್ದೇ ಇದೆ. ಪಟ್ಟಿ ಹಿಂದಿನ ತಿಂಗಳೇ ಗಲ್ಲಾ ಪಕ್ಕ ಹೆಸರು ಸಮೇತ ತೂಗುತ್ತದೆ. ಇಬ್ಬರು ತಮ್ಮತಮ್ಮಲ್ಲಿ ದಿನ ಬದಲಿಸಿಕೊಳ್ಳಬಹುದು. ಮಾಲೀಕರಾಗಲಿ ನಾನಾಗಲಿ ಸೂಟಿ ಹೊಡೆದುಹಾಕುವಂತಿಲ್ಲ. ಇದನ್ನು ಒಪ್ಪಿಸಲು ಸಾಕಷ್ಟು ವಾದ ಮಾಡಬೇಕಾಯಿತು. ಹೇಳದೆ ಗೈರಾಗುವುದು ಕಡಿಮೆಯಾದ ಮೇಲೆ ಮಾಲೀಕರೂ ಸುಮ್ಮನಾದರು. ರವಿವಾರ ನಿಲ್ಲುವವರಿಗೆ ತಮ್ಮ ಸರದಿ ಯಾವತ್ತು ಎಂದು ಗೊತ್ತಿರುತ್ತದೆ. ಗಿರಾಕಿ ಮುಂದೆ ಹತ್ತನೆಯ ಸೀರೆಯನ್ನೂ ಬೇಸರವಿಲ್ಲದೆ ಬಿಚ್ಚಿ ತೋರಿಸುತ್ತಾರೆ.

ಪಕ್ಕದ ಓಣಿಯ ಮೂರು-ನಾಲ್ಕು ಜನರ ಅಂಗಡಿಗಳಿಗೆ ಆ 2021ರ ಒಪ್ಪಿಗೆ ಅನ್ವಯಿಸುತ್ತಿರಲಿಲ್ಲ. ಅಲ್ಲಿ ಏಳೂ ದಿನ ತೆಗೆದರೆ ಸರದಿ ಹಾಕಲು ಜನವೇ ಇರುವುದಿಲ್ಲ. ಅವರು ವಾರಕ್ಕೊಂದು ದಿನ ಬಾಗಿಲು ಹಾಕುವುದೇ ಸರಿ. ಆ ದಿನವನ್ನು ಓಣಿಯವರೆಲ್ಲ ಕೂಡಿ ಆರಿಸಿಕೊಂಡರೆ ಗಿರಾಕಿಗೂ ಗೊತ್ತಿರುತ್ತದೆ, ಪಕ್ಕದವನು ತೆಗೆದನೆಂದು ಯಾರೂ ಅರ್ಧ ಶಟರ್ ಎತ್ತಿ ಕೂರಬೇಕಾಗುವುದಿಲ್ಲ.