ಮಲ್ಪೆಯ ರೋಪು, ಅಟ್ಲಾಂಟಿಕ್ ತಳದ ತಂತಿ

ಜೂನ್ 1ರಿಂದ ಎರಡು ತಿಂಗಳು ಬೋಟುಗಳಿಗೆ ರಜೆ. ಆಗ ಮಲ್ಪೆ ದಕ್ಕೆಗೆ ಹೋದರೆ ಮೀನಿಗಿಂತ ಗ್ರೀಸಿನ ವಾಸನೆಯೇ ಜಾಸ್ತಿ. ಮಾವನ ಬೋಟಿನ ವಿಂಚಿನಿಂದ ವಯರ್ ರೋಪ್ ಬಿಚ್ಚಿ ಉದ್ದಕ್ಕೆ ಹಾಸಿದ ಮೇಲೆ ಒಂದು ಗೋಣಿ ತುಂಡು ಹಿಡಿದು ಅದರ ಮೇಲೆ ಎಳೆಯುತ್ತಾ ಹೋಗುವುದು ಚಿಕ್ಕಂದಿನಲ್ಲಿ ನನ್ನ ಕೆಲಸವಾಗಿತ್ತು. ಗೋಣಿ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಒಂದು ಎಳೆ ತುಂಡಾಗಿದೆ ಎಂದು ಲೆಕ್ಕ. "ಬರಿಗೈಯಲ್ಲಿ ಮುಟ್ಬೇಡ ಮಾರಾಯ, ತೇಡೆ ಮೀನಿನ ಮುಳ್ಳಿಗಿಂತ ಕಷ್ಟ ಇದು" ಅನ್ನುತ್ತಿದ್ದರು ಮಾವ.

ಆ ಒಂದೊಂದು ಎಳೆಗೆ ಅಷ್ಟು ಗಟ್ಟಿತನ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ವೆಬ್‌ಸ್ಟರ್ ಅಂಡ್ ಹಾರ್ಸ್‌ಫಾಲ್ ಎಂಬ ತಂತಿ ಕಂಪನಿ. ಅದರ ಬೇರು 1720ಕ್ಕೆ ಹೋಗುತ್ತದೆ. ಪಿಯಾನೋ ತಂತಿಗೆ ವೆಬ್‌ಸ್ಟರ್ ಮನೆತನ ಹೆಸರುವಾಸಿ. ಹಾರ್ಸ್‌ಫಾಲ್ ಕೂಡ ತಂತಿ ಎಳೆಯುವವರೇ. 1850ರ ದಶಕದಲ್ಲಿ ಇಬ್ಬರೂ ಒಂದಾಗಿ ಹೇ ಮಿಲ್ಸ್ ಎಂಬಲ್ಲಿ ಕೆಲಸ ನಡೆಸಿದರು.

ಅಕ್ಕಸಾಲಿಗರ ಕಂಬಚ್ಚು, ಅಂದರೆ ಸಾಲಾಗಿ ತೂತುಗಳಿರುವ ಪಟ್ಟಿ, ನೋಡಿದವರಿಗೆ ತಂತಿ ಎಳೆಯುವುದು ಹೇಗೆಂದು ಗೊತ್ತಿರುತ್ತದೆ. ದೊಡ್ಡ ತೂತು, ಆಮೇಲೆ ಸಣ್ಣದು, ಆಮೇಲೆ ಇನ್ನೂ ಸಣ್ಣದು. ಎಳೆದಷ್ಟೂ ತಂತಿ ಸಪೂರ ಆಗುತ್ತದೆ, ಜೊತೆಗೆ ಬಿರುಸೂ ಆಗುತ್ತದೆ, ಕೊನೆಗೆ ಪಟ್ಟಂತ ಮುರಿಯುತ್ತದೆ. ಚಿನ್ನವಾದರೆ ನಡುವೆ ಬೆಂಕಿಗೆ ಹಿಡಿದು ಮೆತ್ತಗೆ ಮಾಡಿ ಮತ್ತೆ ಎಳೆಯಬಹುದು. ಉಕ್ಕನ್ನೂ ಹಾಗೆ ಸುಮ್ನೆ ಕಾಯಿಸಿ ನಿಧಾನಕ್ಕೆ ಆರಲು ಬಿಟ್ಟರೆ ಮೆತ್ತಗಾಗುವುದೇನೋ ನಿಜ, ಆದರೆ ಬಲವೂ ಹೋಗಿಬಿಡುತ್ತದೆ. ಜೇಮ್ಸ್ ಹಾರ್ಸ್‌ಫಾಲ್ ಇದಕ್ಕೊಂದು ದಾರಿ ಕಂಡುಕೊಂಡು 1854ರಲ್ಲಿ ಪೇಟೆಂಟ್ ಪಡೆದರು. ಎಳೆಯುವ ನಡುವೆ ತಂತಿಯನ್ನು ಹದವಾಗಿ ಕಾಯಿಸಿ, ಹದವಾಗಿ ತಣಿಸಿ, ಮತ್ತೆ ಎಳೆಯುವುದು. ಎಲ್ಲ ಗುಟ್ಟು ಆ ತಣಿಸುವ ಹದದಲ್ಲಿದೆ. ಕೆಂಪಗೆ ಕಾದ ತಂತಿಯನ್ನು 500 ಡಿಗ್ರಿ ಆಸುಪಾಸಿನ ಕರಗಿದ ಸೀಸದಲ್ಲಿ ಹಾಯಿಸುವ ಪದ್ಧತಿ ಮುಂದೆ ಬಂತು. ಆಗ ಉಕ್ಕಿನ ಒಳಗೆ ತೀರಾ ತೆಳುವಾದ ಪದರಗಳು ಕೂಡುತ್ತವೆ. ತಂತಿ ಬಾಗುತ್ತದೆ, ಎಳೆದರೆ ಹಿಗ್ಗುತ್ತದೆ, ಬಲವೂ ಉಳಿಯುತ್ತದೆ. ತಂತಿ ಕೆಲಸದವರು ಇದನ್ನು ಇವತ್ತಿಗೂ 'ಪೇಟೆಂಟಿಂಗ್' ಅಂತಲೇ ಕರೆಯುತ್ತಾರೆ! ಕೆಲಸಕ್ಕೇ ಆ ಹೆಸರು ಅಂಟಿಕೊಂಡುಬಿಟ್ಟಿದೆ.

ಇನ್ನು ಅಟ್ಲಾಂಟಿಕ್ ವಿಷಯ. 1858ರಲ್ಲಿ ಐರ್ಲೆಂಡಿನಿಂದ ನ್ಯೂಫೌಂಡ್‌ಲ್ಯಾಂಡಿಗೆ ಸಮುದ್ರದಡಿ ಹಾಕಿದ ಟೆಲಿಗ್ರಾಫ್ ಕೇಬಲ್ ಮೂರು ವಾರದಷ್ಟೇ ಬದುಕಿತು. ಅದರ ಹೊರಕವಚದಲ್ಲಿ ಇದ್ದದ್ದು ಸಪೂರ ಕಬ್ಬಿಣದ ತಂತಿಗಳ ಹುರಿ. ಮುಂದಿನ ಸಲ, 1865ರಲ್ಲಿ, ಅದನ್ನು ಬಿಟ್ಟು, ವೆಬ್‌ಸ್ಟರ್ ಅಂಡ್ ಹಾರ್ಸ್‌ಫಾಲ್‌ನ ಹತ್ತು ದಪ್ಪ ತಂತಿಗಳನ್ನು ಸುತ್ತಿದರು, ಒಂದೊಂದಕ್ಕೂ ಮನಿಲಾ ನಾರಿನ ಅಂಗಿ ತೊಡಿಸಿ. ಈ ಸಾಲು ಓದಿದಾಗ ನನಗೆ ಮಾವನ ರೋಪ್ ಕಣ್ಣ ಮುಂದೆ ಬಂತು. ಅದರಲ್ಲಿ ನಾರು ಒಳಗೆ, ಉಕ್ಕು ಹೊರಗೆ. ಇಲ್ಲಿ ಉಕ್ಕಿನ ಮೈಮೇಲೇ ನಾರು.

1866ರ ಕೇಬಲ್‌ಗಾಗಿ ಹೇ ಮಿಲ್ಸ್‌ನಲ್ಲಿ 250 ಜನ 11 ತಿಂಗಳು ದುಡಿದು 30,000 ಮೈಲಿ ತಂತಿ ಎಳೆದರು. ತೂಕ 1,600 ಟನ್. ಉದ್ದ ಸುಮಾರು 48,000 ಕಿಲೋಮೀಟರ್, ಭೂಮಿಗೆ ಒಂದು ಸುತ್ತು ಹಾಕಿದ ಮೇಲೂ ಮಿಕ್ಕುತ್ತದೆ. ಕೇಬಲ್ ಕಥೆ ಬಂದಾಗೆಲ್ಲ ಹಣ ಹಾಕಿದವರ ಮತ್ತು ಒಳಗಿನ ತಾಮ್ರದ ಮಾತೇ ಜಾಸ್ತಿ. ಅದನ್ನು ಸಮುದ್ರದ ತಳದವರೆಗೆ ಹೊತ್ತ ಹೊರಗಿನ ತಂತಿಯನ್ನೂ, ಆ 250 ಜನರನ್ನೂ ಅಷ್ಟೇ ಆಸೆಯಿಂದ ನೆನೆಯಬೇಕು ಅಂತ ನನಗೆ ಅನಿಸುತ್ತದೆ.

ಮಾವನಿಗೆ ಈ ಕಥೆ ಹೇಳಿದೆ. ಅವರಿಗೆ ಹಿಡಿಸಿದ್ದು ಇನ್ನೊಂದು ಭಾಗ. 1865ರ ಆಗಸ್ಟ್‌ನಲ್ಲಿ ಕೇಬಲ್ ನಡುನೀರಿನಲ್ಲಿ ತುಂಡಾಗಿ ತಳ ಸೇರಿತ್ತು. ಮೂರೂವರೆ ಕಿಲೋಮೀಟರ್ ಆಳ. ಬಾವಿಗೆ ಬಿದ್ದ ಕೊಡಪಾನಕ್ಕೆ ನಾವು ಪಾತಾಳಗರಡಿ ಇಳಿಸುವಂತೆ 'ಗ್ರೇಟ್ ಈಸ್ಟರ್ನ್' ಹಡಗಿನವರು ಕೊಕ್ಕೆ ಇಳಿಸಿದರು. ಸಿಕ್ಕಿತು, ಮೇಲೆ ಬರುವಾಗ ಹಗ್ಗವೇ ಹರಿಯಿತು. ಮತ್ತೆ ಇಳಿಸಿದರು, ಮತ್ತೆ ಹರಿಯಿತು. ಮರುವರ್ಷ ಜುಲೈ 27ಕ್ಕೆ ಹೊಸ ಕೇಬಲ್ ದಡ ಮುಟ್ಟಿಸಿದ ಮೇಲೆ ವಾಪಸ್ ಹೋಗಿ, ಸೆಪ್ಟೆಂಬರ್‌ನಲ್ಲಿ ಹಳೆಯದನ್ನೂ ಎತ್ತಿ ಜೋಡಿಸಿ ಆ ದಡ ಮುಟ್ಟಿಸಿದರು.

ಮಾವ ಗ್ರೀಸ್ ಕೈಯನ್ನು ಗೋಣಿಗೆ ಒರೆಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಒಂದು ವರ್ಷ ಉಪ್ಪುನೀರಲ್ಲಿ ಬಿದ್ದು, ಎತ್ತುವಾಗ ಆ ತಂತಿ ಹರೀಲಿಲ್ವಾ?"

"ಕೊನೆಗೆ ಎತ್ತಿದಾಗ ಹರೀಲಿಲ್ಲ ಮಾವ."

"ಹಾಗಾದ್ರೆ ಒಳ್ಳೆ ತಂತಿ" ಎಂದು ಮತ್ತೆ ರೋಪಿನ ಕಡೆ ಬಗ್ಗಿದರು.