ಕೈಗೆ ಒಗ್ಗಿದ ಕೋವಿ

ಜಲ್ಲಿ ಮೇಲೆ ಬಿದ್ದಿದ್ದ ತೋಟಾಗಳನ್ನು ಒಂದೊಂದಾಗಿ ಆರಿಸಿ ತಂದು ಆ ಅಜ್ಜ ನನ್ನ ಅಂಗೈಗೆ ಸುರಿದರು. ಒಂಬತ್ತು ಖಾಲಿ. ಹತ್ತನೆಯದು ತುಂಬಿದ್ದು. ಸೀಸದ ಗುಂಡು ಹಾಗೇ ಕೂತಿತ್ತು, ಹಿಂಬದಿಯಲ್ಲಿ ಸೂಜಿ ಬಡಿದ ಗುರುತೂ ಇರಲಿಲ್ಲ.

"ಇದನ್ನ ನೀವು ಹೊಡೆಯಲೇ ಇಲ್ಲಮ್ಮ. ಸುಮ್ನೆ ಆಚೆ ಎಸೆದುಬಿಟ್ಟಿರಿ" ಅಂದರು.

ಬೈಯುವ ದನಿಯಲ್ಲ. ಏನಾಯಿತು ಅಂತ ನನಗೆ ತಿಳಿಯಲಿ ಅಂತ ಹೇಳಿದ್ದು.

ಅದು ಕೌಬಾಯ್ ಆಕ್ಷನ್ ಶೂಟಿಂಗಿನಲ್ಲಿ ನನ್ನ ಮೊದಲ ಪಂದ್ಯ. ಜಾಗ ಫೀನಿಕ್ಸ್ ನಗರದ ಉತ್ತರಕ್ಕಿರುವ ಬೆನ್ ಏವರಿ ಶೂಟಿಂಗ್ ಮೈದಾನ. ಅರಿಝೋನಾ ರಾಜ್ಯದ ಗೇಮ್ ಅಂಡ್ ಫಿಶ್ ಇಲಾಖೆ ನಡೆಸುವ ಜಾಗ ಅದು. ಸುತ್ತ ಮರಳುಗಾಡು, ಆಳೆತ್ತರ ಮೀರಿ ಬೆಳೆದ ಸಗ್ವಾರೋ ಕಳ್ಳಿಗಳು. ವಿಂಟರ್ ರೇಂಜ್ ಅನ್ನುವ ದೊಡ್ಡ ಪಂದ್ಯವೂ ಚಳಿಗಾಲದಲ್ಲಿ ಅಲ್ಲೇ ನಡೆಯುತ್ತದೆ. ನಾನು ಹೋಗಿದ್ದು ತಿಂಗಳಿಗೊಮ್ಮೆ ನಡೆಯುವ ಚಿಕ್ಕ ಪಂದ್ಯಕ್ಕೆ.

ಕೋವಿ ನನಗೆ ಹೊಸದಲ್ಲ. ಹುಟ್ಟಿ ಬೆಳೆದದ್ದು ಮಡಿಕೇರಿ ಹತ್ತಿರದ ಹಳ್ಳಿಯಲ್ಲಿ. ನಮ್ಮದು ಜಮ್ಮಾ ಹಿಡುವಳಿಯ, ಅಂದರೆ ತಲೆತಲಾಂತರದಿಂದ ಬಂದ ಜಮೀನಿನ ಮನೆ. ಕೊಡಗಿನಲ್ಲಿ ಇಂಥ ಮನೆಗಳಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇರುವುದು ಬ್ರಿಟಿಷರ ಕಾಲದಿಂದ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಅಪ್ಪನ ತೋಟಾ ಕೋವಿಯನ್ನು ಒರೆಸಿ, ದೇವರ ಮುಂದೆ ಇಟ್ಟು, ನಳಿಗೆಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸುತ್ತಿದ್ದೆವು. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ನಾನೂ ಹೊಡೆದಿದ್ದೇನೆ, ಒಂದು ಸಲ ಕಾಯಿ ಒಡೆದೂ ಇದ್ದೇನೆ. ಆದರೆ ಅಲ್ಲಿ ಒಂದು ಈಡು, ಒಂದು ಗುರಿ, ಬೇಕಾದಷ್ಟು ಸಮಯ. ಇಲ್ಲಿ ಹಾಗಲ್ಲ.

ಈ ಆಟದಲ್ಲಿ ಒಬ್ಬೊಬ್ಬರೂ ನಾಲ್ಕು ಆಯುಧ ಹಿಡಿಯಬೇಕು. ಎರಡು ರಿವಾಲ್ವರ್, ಒಂದು ಲೀವರ್ ರೈಫಲ್, ಒಂದು ಶಾಟ್‌ಗನ್. ಲೀವರ್ ಅಂದರೆ ಟ್ರಿಗರ್ ಕೆಳಗಿನ ಹಿಡಿ, ಅದನ್ನು ಇಳಿಸಿ ಎತ್ತಿದರೆ ಒಳಗಿದ್ದ ತೋಟಾ ಆಚೆ ಹಾರಿ ಹೊಸದು ಒಳಗೆ ಹೋಗುತ್ತದೆ. ಎಲ್ಲವೂ 19ನೇ ಶತಮಾನದ ಮಾದರಿಯವು. ಬಟ್ಟೆಯೂ ಆ ಕಾಲದ್ದೇ ಆಗಬೇಕು. ಪ್ರತಿಯೊಬ್ಬರಿಗೂ ಒಂದು ಅಡ್ಡಹೆಸರು ಬೇಕು. ನಾನು ನನ್ನ ಅಜ್ಜಿಯ ಹೆಸರು ಇಟ್ಟುಕೊಂಡೆ. ಟೈಮರ್ ಬೀಪ್ ಅಂದ ಕೂಡಲೇ ಶುರು. ಉಕ್ಕಿನ ತಟ್ಟೆಗಳನ್ನು ಹೇಳಿದ ಕ್ರಮದಲ್ಲೇ ಹೊಡೆಯಬೇಕು. ಒಂದು ತಪ್ಪಿದರೆ 5 ಸೆಕೆಂಡ್ ದಂಡ. ಕ್ರಮವೇ ತಪ್ಪಿದರೆ 10 ಸೆಕೆಂಡ್. ಸಿಂಗಲ್ ಆಕ್ಷನ್ ಶೂಟಿಂಗ್ ಸೊಸೈಟಿ 1987ರಲ್ಲಿ ಶುರುವಾದ ಸಂಸ್ಥೆ, ನಿಯಮಗಳೆಲ್ಲ ಅದರವು.

ಸ್ವಂತ ರೈಫಲ್ ಇರಲಿಲ್ಲ. ಒಬ್ಬರು ತಮ್ಮದನ್ನು ಕೊಟ್ಟರು. ವಿಂಚೆಸ್ಟರ್ 1873ರ ಇಟಲಿ ನಕಲು, 24 ಇಂಚಿನ ಎಂಟು ಮೂಲೆಯ ನಳಿಗೆ, 45 ಕೋಲ್ಟ್ ತೋಟಾ. ನೋಡಲು ಎಷ್ಟು ಚೆಂದ ಅಂದರೆ ಕೈಗೆ ತಗೊಂಡಾಗ ಮೈ ಜುಮ್ಮೆಂದಿತು. ಆದರೆ ಮೂರೂವರೆ ಕಿಲೋ ಮೀರಿದ ತೂಕ, ಅದರಲ್ಲೂ ಭಾರ ಜಾಸ್ತಿ ಮುಂದಕ್ಕೇ. ನಾನು 5 ಅಡಿ 1 ಇಂಚು. ಐದನೇ ಈಡಿಗೆ ಎಡಗೈ ನಡುಗತೊಡಗಿತು. ಏಳನೆಯದಕ್ಕೆ ಟ್ರಿಗರ್ ಅಲ್ಲಾಡಲೇ ಇಲ್ಲ. ಕೆಟ್ಟುಹೋಯಿತು ಅಂದುಕೊಂಡು ಗಾಬರಿಯಲ್ಲಿ ಲೀವರನ್ನು ಇನ್ನೊಮ್ಮೆ ಜಗ್ಗಿದೆ. ಜೀವಂತ ತೋಟಾ ಹಾರಿ ಜಲ್ಲಿಗೆ ಬಿತ್ತು.

ಕೋವಿ ಕೆಟ್ಟಿರಲಿಲ್ಲ. 1873ರ ಮಾದರಿಯಲ್ಲಿ ಲೀವರನ್ನು ಪೂರ್ತಿ ಒತ್ತಿ ಹಿಡಿಯದಿದ್ದರೆ ಟ್ರಿಗರ್ ಬಿಡುವುದಿಲ್ಲ. ಅದು ಸುರಕ್ಷತೆಗೆ ಮಾಡಿದ ಏರ್ಪಾಡು. ಸೋತ ಕೈಗೆ ಆ ಕೊನೆಯ ಕಾಲಿಂಚು ಒತ್ತಲು ಆಗಿರಲಿಲ್ಲ.

ಮಾರನೇ ವಾರವೇ ನಮ್ಮನೆಯವರನ್ನು ಕರೆದುಕೊಂಡು ಅಂಗಡಿಗೆ ಹೋದೆ. ಅಲ್ಲಿದ್ದವರು ಲೀವರ್ ರೈಫಲ್ ಅಂದ ತಕ್ಷಣ ಒಂದು 30-30 ತೆಗೆದು ಮುಂದಿಟ್ಟರು. "ಕೌಬಾಯ್ ಅಂದ್ರೆ ಇದೇ, ಒಳ್ಳೆ ಬೆಲೆಗೆ ಕೊಡ್ತೀನಿ" ಅಂದರು. ನಮ್ಮನೆಯವರು ಕಾರ್ಡನ್ನೂ ತೆಗೆದಿದ್ದರು. ಏನೋ ಅನುಮಾನ ಬಂದು, ಪಂದ್ಯದಲ್ಲಿ ತೋಟಾ ಆರಿಸಿಕೊಟ್ಟ ಆ ಅಜ್ಜನಿಗೆ ಫೋನ್ ಮಾಡಿದೆ. "ಬೇಡ, ಬೇಡ. ಅದು ಜಿಂಕೆ ಬೇಟೆಯ ತೋಟಾ. ಇಡಿ ಅಲ್ಲೇ" ಅಂದರು. ನಮ್ಮ ಆಟದ ಮುಖ್ಯ ಪಂದ್ಯದಲ್ಲಿ ರೈಫಲಿಗೂ ರಿವಾಲ್ವರ್ ತೋಟಾವೇ ಆಗಬೇಕು. ಗುಂಡು ಬರೀ ಸೀಸದ್ದಿರಬೇಕು, ತಾಮ್ರದ ಕವಚ ಇರಕೂಡದು. ರೈಫಲಿನಿಂದ ಹೊರಟ ಗುಂಡಿನ ವೇಗ ಸೆಕೆಂಡಿಗೆ 1400 ಅಡಿ ಮುಟ್ಟಬಾರದು. ಉಕ್ಕಿನ ತಟ್ಟೆಗಳು ಹತ್ತಿರದಲ್ಲೇ ಇರುತ್ತವೆ. ಅಲ್ಲಿಗೆ ಬೇಟೆಯ ತೋಟಾ ಹೊಡೆದರೆ ತಟ್ಟೆಯೂ ಹಾಳು, ಸುತ್ತ ನಿಂತವರಿಗೂ ಅಪಾಯ. ಹೊಸಬರು ಈ ಒಂದು ಮಾತನ್ನು ಅಂಗಡಿಗೆ ಹೋಗುವ ಮೊದಲೇ ತಿಳಿದಿರಬೇಕು. ನನಗೆ ಯಾರೂ ಹೇಳಿರಲಿಲ್ಲ.

"ಶನಿವಾರ ಬೆಳಿಗ್ಗೆ ಬನ್ನಿ. ದುಡ್ಡು ತರಬೇಡಿ, ಕೈ ತನ್ನಿ ಸಾಕು" ಅಂದರು ಅಜ್ಜ.

ಆ ಶನಿವಾರವನ್ನು ನಾನು ಮರೆಯುವುದಿಲ್ಲ. ಪಿಕಪ್ ಗಾಡಿಯ ಹಿಂದಿನ ಹಲಗೆ ಇಳಿಸಿ, ಹಳೇ ಕಂಬಳಿ ಹಾಸಿ, ನಾಲ್ಕು ರೈಫಲ್ ಸಾಲಾಗಿ ಇಟ್ಟಿದ್ದರು. ಎಲ್ಲದರ ಬಾಯಿ ತೆರೆದಿತ್ತು, ನಳಿಗೆ ಮಣ್ಣಿನ ದಿಣ್ಣೆಯ ಕಡೆಗೆ. ಪಕ್ಕದಲ್ಲಿ ಒಂದು ಡಬ್ಬಿ ತುಂಬ ಸುಳ್ಳು ತೋಟಾ. ಮದ್ದಿಲ್ಲ, ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಇಲ್ಲ, ಆಕಾರ ಮಾತ್ರ. "ಮೊದಲು ಇವನ್ನು ತುಂಬಿ ಲೀವರ್ ಆಡಿಸಿ. ಹೊಡೆಯೋದು ಆಮೇಲೆ" ಅಂದರು.

ಮೊದಲು ಎತ್ತಿದ್ದು 1892ರ ಮಾದರಿ. ಜಾನ್ ಬ್ರೌನಿಂಗ್ ರೂಪಿಸಿದ್ದು, ಇದು ಬ್ರೆಜಿಲ್‌ನಲ್ಲಿ ಮಾಡಿದ ರೊಸ್ಸಿ. ಎತ್ತಿದ ಕೂಡಲೇ ನಗು ಬಂತು, ಅಷ್ಟು ಹಗುರ. ತೋಟಾವನ್ನು ಹಿಂದಿನಿಂದ ಮುಚ್ಚುವ ಉಕ್ಕಿನ ತುಂಡಿಗೆ ಬೋಲ್ಟ್ ಅನ್ನುತ್ತಾರೆ. ಎರಡು ಉಕ್ಕಿನ ಬೆಣೆಗಳು ಮೇಲೆದ್ದು ಅದನ್ನು ಬಿಗಿ ಹಿಡಿಯುತ್ತವೆ, ಬಹಳ ಗಟ್ಟಿ ಕಟ್ಟಡ. ಬೆಲೆಯೂ ಇಟಲಿಯ 73ಕ್ಕಿಂತ, ಅಂದರೆ 1873ರ ಮಾದರಿಗಿಂತ, ತುಂಬ ಕಡಿಮೆ. ಆದರೆ ಸ್ಪ್ರಿಂಗುಗಳು ಬಿರುಸು. ಮಳೆಗಾಲದಲ್ಲಿ ಉಬ್ಬಿದ ಬಾಗಿಲನ್ನು ತೆಗೆದ ಹಾಗೆ ಅನಿಸಿತು. ಸ್ಪ್ರಿಂಗ್ ಸರಿ ಮಾಡಿಸಿದರೆ ಮೆತ್ತಗಾಗುತ್ತದೆ ಅಂದರು. ಕೈಯಲ್ಲಿ ದುಡ್ಡು ಬಿಗಿ ಇರುವವರಿಗೆ ನಾನು ಇವತ್ತಿಗೂ ಇದನ್ನೇ ಹೇಳುತ್ತೇನೆ.

ಎರಡನೆಯದು ಮಾರ್ಲಿನ್ 1894. ಇದರ ತಲೆ ಮುಚ್ಚಿದೆ, ಖಾಲಿ ತೋಟಾ ಪಕ್ಕಕ್ಕೆ ಹಾರುತ್ತದೆ. ಲೀವರಿನ ಒಂದೇ ಸ್ಕ್ರೂ ಬಿಚ್ಚಿದರೆ ಬೋಲ್ಟ್ ಕೈಗೆ ಬರುತ್ತದೆ, ಹಿಂದಿನಿಂದಲೇ ನಳಿಗೆ ಒರೆಸಬಹುದು. ಕೋವಿ ತೊಳೆದು ಬೆಳೆದವಳಿಗೆ ಅದು ಬಹಳ ಹಿಡಿಸಿತು. ಆದರೆ ಲೀವರಿನ ಬಳೆಯೊಳಗೆ ನನ್ನ ಬೆರಳು ಯಾಕೋ ಸರಿಯಾಗಿ ಕೂರಲಿಲ್ಲ.

ಮೂರನೆಯದು 1866ರ ಮಾದರಿ, ಹಳದಿ ಹುಡುಗ ಅಂತಲೇ ಅದಕ್ಕೆ ಹೆಸರು. ಹುಣಸೆಹಣ್ಣು ಹಾಕಿ ತಿಕ್ಕಿದ ಬಿಂದಿಗೆಯ ಹಾಗೆ ಹಿತ್ತಾಳೆ ಮೈ ಹೊಳೆಯುತ್ತಿತ್ತು. ಕಣ್ಣು ಅದರ ಮೇಲೇ ಹೋಯಿತು. ಕೊನೆಯದು 73, ಆದರೆ ನಾನು ಪಂದ್ಯದಲ್ಲಿ ಹಿಡಿದಿದ್ದಂಥ ಉದ್ದನೆಯದಲ್ಲ. 19 ಇಂಚಿನ ದುಂಡು ನಳಿಗೆಯ ಕಾರ್ಬೈನ್. ಅದನ್ನು ನೋಡಿದ್ದೇ "ಇದು ಬೇಡ" ಅಂದೆ. ಜಲ್ಲಿಗೆ ಬಿದ್ದ ಆ ತೋಟಾ ಇನ್ನೂ ತಲೆಯಲ್ಲಿತ್ತು.

ಅಜ್ಜ ಮಾತಾಡಲಿಲ್ಲ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು 73ರ ಪಕ್ಕದ ತಟ್ಟೆ ಬಿಚ್ಚಿದರು. ಒಂದೇ ಸ್ಕ್ರೂ. "ಈಗ ನೀವೇ ಲೀವರ್ ಇಳಿಸಿ, ನಿಧಾನವಾಗಿ" ಅಂದರು.

ಇಳಿಸಿದೆ. ಒಳಗಿದ್ದ ಉಕ್ಕಿನ ಕೀಲುಗಳು ಮೊಣಕಾಲಿನ ಹಾಗೆ ಮಡಿದುಕೊಂಡವು. ಬೋಲ್ಟ್ ಹಿಂದೆ ಸರಿದು ಕೋವಿಯ ಕುದುರೆಯನ್ನು, ಅಂದರೆ ಸೂಜಿಗೆ ಬಡಿಯುವ ಸುತ್ತಿಗೆಯನ್ನು, ಒತ್ತಿ ಎಬ್ಬಿಸಿತು. ಕೆಳಗಿನಿಂದ ಚೌಕನೆಯ ಹಿತ್ತಾಳೆ ಗಟ್ಟಿಯೊಂದು ತೋಟಾವನ್ನು ಹೊತ್ತು ನೆಟ್ಟಗೆ ಮೇಲೆ ಬಂತು, ಲಿಫ್ಟ್ ಬಂದ ಹಾಗೆ. ತೋಟಾ ಓರೆಯಾಗಲಿಲ್ಲ, ಅಲುಗಲಿಲ್ಲ. ನಳಿಗೆಯ ಬಾಯಿಗೆ ಸರಿಯಾಗಿ ಬಂದು ನಿಂತಿತು. ಲೀವರ್ ಮೇಲೆತ್ತಿದೆ. ಬೋಲ್ಟ್ ಮುಂದೆ ಬಂದು ಅದನ್ನು ಒಳಗೆ ತಳ್ಳಿತು, ಕೀಲು ನೆಟ್ಟಗಾಗಿ ಬಿಗಿಯಿತು. ಕಾಲು ಚಾಚಿ ನಿಂತಾಗ ಮಂಡಿ ಗಟ್ಟಿಯಾಗುತ್ತಲ್ಲ, ಹಾಗೇ. ನಾನು ಐದಾರು ಸಲ ಹಾಗೇ ಆಡಿಸುತ್ತ ನೋಡಿದೆ. 150 ವರ್ಷದ ಹಿಂದಿನ ಯೋಚನೆ. ಕಣ್ಣಿನಿಂದ ತೆಗೆಯಲು ಮನಸ್ಸಾಗಲಿಲ್ಲ.

ಇದರಲ್ಲಿ ಒಂದು ಕಟ್ಟುನಿಟ್ಟೂ ಇದೆ. ಆ ಹಿತ್ತಾಳೆ ಗಟ್ಟಿಗೆ ತೋಟಾದ ಉದ್ದ ಸರಿಯಾಗಿ ಒಪ್ಪಬೇಕು. ತೀರ ಗಿಡ್ಡವಾದರೆ ಸರದಿಯ ಮುಂದಿನ ತೋಟಾದ ಹಿಂಬದಿ ಗಟ್ಟಿಯೊಳಗೆ ತೂರಿಕೊಳ್ಳುತ್ತದೆ, ಗಟ್ಟಿ ಮೇಲೇಳುವುದಿಲ್ಲ. ಹಾಗಾಗಿ ಒಂದೇ ಉದ್ದದ ತೋಟಾ ಹುಡುಕಿಕೊಂಡು ಅದನ್ನೇ ಬಳಸಬೇಕು. ಗುಂಡಿನ ಮೂತಿಯೂ ಚಪ್ಪಟೆ ಇರಬೇಕು. ಯಾಕಂದರೆ ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೆ ಒಂದು ಕೂರುತ್ತವೆ, ಒಂದರ ಮೂತಿ ಇನ್ನೊಂದರ ಪ್ರೈಮರಿಗೆ ತಾಗಿರುತ್ತದೆ. ಚೂಪು ಮೂತಿಯದ್ದು ಹಾಕಿದರೆ ಕೊಳವೆಯೊಳಗೇ ಸಿಡಿಯುವ ಅಪಾಯ. ಇದನ್ನು ಅಜ್ಜ ಎರಡು ತೋಟಾ ತುದಿಗೆ ತುದಿ ಹಿಡಿದು ತೋರಿಸಿದರು.

ಆಮೇಲೆ ಬುಡ. ನಾನು ಪಂದ್ಯದಲ್ಲಿ ಹಿಡಿದಿದ್ದ ಉದ್ದ ರೈಫಲಿನ ಬುಡ ಅರ್ಧಚಂದ್ರದ ಆಕಾರದ್ದು. ಎರಡೂ ತುದಿ ಚೂಪು. ಅದನ್ನು ಭುಜದಿಂದ ಆಚೆ, ತೋಳಿನ ಮೇಲೆ ಕೂರಿಸಬೇಕಂತೆ. ನಾನು ತೋಟಾ ಕೋವಿಯ ಅಭ್ಯಾಸದಲ್ಲಿ ಭುಜದ ಗುಳಿಗೇ ಒತ್ತಿಕೊಂಡಿದ್ದೆ, ಎರಡು ದಿನ ನೀಲಿಗಟ್ಟಿತ್ತು. ಕಾರ್ಬೈನಿನ ಬುಡ ಹಾಗಿಲ್ಲ. ಅಪ್ಪನ ಕೋವಿಯ ಹಾಗೆ ಭುಜಕ್ಕೆ ಬಂದು ಕೂತಿತು.

ನಾಲ್ಕರಲ್ಲೂ ಹತ್ತು ಹತ್ತು ಸುಳ್ಳು ತೋಟಾ ಆಡಿಸಿದೆ. ಕಣ್ಣು ತಟ್ಟೆಯ ಮೇಲೆ, ಕೈ ಮಾತ್ರ ಲೀವರಿನಲ್ಲಿ. ಅಜ್ಜ ನನ್ನ ಮುಖ ನೋಡಲೇ ಇಲ್ಲ, ಬೆರಳನ್ನೇ ನೋಡುತ್ತಿದ್ದರು. ಹಳದಿ ಹುಡುಗನೂ 73ರ ಹಾಗೇ ಓಡುತ್ತಿದ್ದ, ಎರಡರ ಒಳಗಿನ ಕೀಲೂ ಒಂದೇ ಜಾತಿ. ಆದರೆ ಗುರಿ ನೋಡುವಾಗ ಬೆಳಗಿನ ಬಿಸಿಲು ಆ ಹಿತ್ತಾಳೆಗೆ ಬಿದ್ದು ಕಣ್ಣು ಕುಕ್ಕಿತು. ಅಲ್ಲಿಗೆ ನನ್ನ ಆಸೆ ಮುಗಿಯಿತು. ಕಾರ್ಬೈನ್ ಎತ್ತಿ ಹತ್ತು ಸಲ ಲೀವರ್ ಆಡಿಸಿದಾಗ ಹತ್ತೂ ಸಲ ಕೊನೆ ತನಕ ಒತ್ತಿದ್ದೆ. "ನೋಡಿದ್ರಾ, ನಿಮಗೆ ಆಗದಿದ್ದದ್ದು 73 ಅಲ್ಲ. ಆ ಉದ್ದ, ಆ ಭಾರ" ಅಂದರು.

ಇನ್ನು ತೋಟಾ ಯಾವುದು ಅನ್ನುವುದು. ಇತಿಹಾಸ ಪ್ರೀತಿಸುವವರು 44-40 ಅನ್ನುತ್ತಾರೆ. 1873ರ ರೈಫಲಿನ ಜೊತೆಗೇ ಬಂದ ತೋಟಾ ಅದು. ಕೋಲ್ಟ್ ಕಂಪನಿ 1878ರಲ್ಲಿ ತನ್ನ ರಿವಾಲ್ವರನ್ನೂ ಅದಕ್ಕೆ ಒಗ್ಗಿಸಿತು. ಹಾಗಾಗಿ ಒಂದೇ ಚೀಲದ ತೋಟಾ ಸೊಂಟಕ್ಕೂ ಆಯಿತು, ಹೆಗಲಿಗೂ ಆಯಿತು. ಕುದುರೆ ಮೇಲೆ ದಿನಗಟ್ಟಲೆ ಹೋಗುವವರಿಗೆ ಅದು ಎಷ್ಟು ದೊಡ್ಡ ಅನುಕೂಲ ಅಲ್ವಾ? ನಾನು ಆರಿಸಿದ್ದು 38 ಸ್ಪೆಷಲ್. ಅದು ಅಷ್ಟು ಹಳೆಯದಲ್ಲ, ಆದರೂ ನಿಯಮ ಒಪ್ಪುತ್ತದೆ. ಲೆಕ್ಕ ಸರಳ. ಆರು ಸುತ್ತಿನ ಪಂದ್ಯಕ್ಕೆ ರೈಫಲ್, ರಿವಾಲ್ವರ್ ಸೇರಿ 120 ತೋಟಾ ಬೇಕು. 45ರ ಗುಂಡು 13ರಿಂದ 16 ಗ್ರಾಂ ತೂಗಿದರೆ, 38ರ ಹಗುರ ಗುಂಡು ಸುಮಾರು 8 ಗ್ರಾಂ. ಸೀಸ ಕಡಿಮೆ, ಖರ್ಚು ಕಡಿಮೆ, ಹಿಂದಕ್ಕೆ ಒದೆಯುವುದೂ ಕಡಿಮೆ. ರಿವಾಲ್ವರುಗಳೂ ಅದೇ ಅಳತೆಯವು ತಗೊಂಡೆ. ತಪ್ಪು ತೋಟಾ ತಪ್ಪು ಕೋವಿಗೆ ಹೋಗುವ ಭಯ ಇಲ್ಲ.

ಬೇರೆ ಅಂಗಡಿಯಲ್ಲಿ ಕಾರ್ಬೈನ್ ಸಿಕ್ಕಿತು. 4473 ನಂಬರಿನ ಫಾರ್ಮ್ ತುಂಬಿ, ಗ್ರೀನ್ ಕಾರ್ಡ್ ತೋರಿಸಿ, ಹಿನ್ನೆಲೆ ತಪಾಸಣೆ ಮುಗಿದ ಮೇಲೆ ಮನೆಗೆ ತಂದೆವು. ಅವತ್ತು ರಾತ್ರಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಲೀವರ್ ಒಂದ್ಸಲ ಆಡಿಸು ಮಗಾ" ಅಂದರು. ಬಾಯಿ ತೆರೆದು ಖಾಲಿ ಇದೆ ಅಂತ ತೋರಿಸಿ ಆಡಿಸಿದೆ. "ಇನ್ನೊಂದ್ಸಲ" ಅಂದರು.

ಒಂದು ತಿಂಗಳು ದಿನಾ ರಾತ್ರಿ ಹತ್ತು ನಿಮಿಷ ಸುಳ್ಳು ತೋಟಾದಲ್ಲಿ ಅಭ್ಯಾಸ. ನಿಜವಾದ ತೋಟಾ ಬೇರೆ ಕೋಣೆಯಲ್ಲಿ, ಬೀಗದೊಳಗೆ. ಬೆರಳಿನ ಹಿಂಭಾಗ ಕೆಂಪಾದಾಗ ಲೀವರಿಗೆ ತೊಗಲಿನ ದಾರ ಸುತ್ತಿದೆ. ಸುತ್ತುವುದನ್ನೂ ಅಜ್ಜನೇ ಹೇಳಿಕೊಟ್ಟರು. ತೊಗಲನ್ನು ಒದ್ದೆ ಮಾಡಿ ಬಿಗಿಯಾಗಿ ಸುತ್ತಬೇಕು, ಒಣಗಿದಾಗ ಅದು ಇನ್ನಷ್ಟು ಹಿಡಿದುಕೊಳ್ಳುತ್ತದೆ.

ಮುಂದಿನ ಪಂದ್ಯದಲ್ಲಿ ನನ್ನ ಸರದಿ ಎಂಟನೆಯದು. ತೋಟಾ ತುಂಬುವ ಮೇಜಿನಲ್ಲಿ ಪಕ್ಕದವರು ನೋಡುತ್ತಿದ್ದಂತೆ ಗಟ್ಟಿಯಾಗಿ ಎಣಿಸಿ ಹತ್ತು ತುಂಬಿದೆ. ಬೀಪ್ ಆಯಿತು. ಆಮೇಲಿನದು ನನಗೆ ಪೂರ್ತಿ ನೆನಪಿಲ್ಲ. ತಟ್ಟೆಗಳ ಟಣ್ ಟಣ್ ಸದ್ದು, ಮುಷ್ಟಿಯೊಳಗೆ ತೊಗಲಿನ ಒರಟು, ಅಷ್ಟೇ. ಎರಡು ಗುರಿ ತಪ್ಪಿದವು, 10 ಸೆಕೆಂಡ್ ದಂಡ ಬಿತ್ತು. ಕೋವಿ ಖಾಲಿ ಮಾಡಿ ತೋರಿಸಿ ವಾಪಸ್ ಬರುವಷ್ಟರಲ್ಲಿ ಅಜ್ಜ ಜಲ್ಲಿಯಿಂದ ತೋಟಾ ಆರಿಸಿ ತಂದಿದ್ದರು. ಏನೂ ಹೇಳದೆ ಅಂಗೈಗೆ ಸುರಿದರು. ಇನ್ನೂ ಬೆಚ್ಚಗಿದ್ದವು. ನಾನೇ ಎಣಿಸಿದೆ. ಹತ್ತು. ಹತ್ತೂ ಖಾಲಿ.