ಟಿವಿಯಲ್ಲೇ ಮ್ಯಾಡ್ರಿಡ್ ಸಿಗುವಾಗ ಕಂಠೀರವಕ್ಕೆ ಯಾಕೆ ಹೋಗ್ತೀಯ?

ಹೋದ ವರ್ಷ ಅಕ್ಕನ ಮಗ ರಜೆಗೆ ನಮ್ಮ ಮನೆಗೆ ಬಂದಿದ್ದ. ಹದಿಮೂರು ವರ್ಷ. ಬರುವಾಗಲೇ ಸ್ಪೇನಿನ ಫುಟ್‌ಬಾಲ್ ಕ್ಲಬ್ ರಿಯಲ್ ಮ್ಯಾಡ್ರಿಡ್‌ನ ಜೆರ್ಸಿ ಹಾಕಿಕೊಂಡು ಬಂದ. ಸ್ಕೂಲ್ ಟೀಮಿನಲ್ಲಿ ಲೆಫ್ಟ್ ಬ್ಯಾಕ್, ಅಂದರೆ ಎಡಗಡೆಯ ಡಿಫೆಂಡರ್ ಆಗಿ ಆಡ್ತಾನೆ, ಯುರೋಪಿನ ಐದು ಲೀಗ್‌ಗಳ ಪಾಯಿಂಟ್ಸ್ ಟೇಬಲ್ ಬಾಯಿಪಾಠ. ಭಾನುವಾರ ಕಂಠೀರವ ಸ್ಟೇಡಿಯಂನಲ್ಲಿ ನಮ್ಮ ಊರಿನ ಕ್ಲಬ್ ಬೆಂಗಳೂರು ಎಫ್‌ಸಿ ಮ್ಯಾಚ್ ಇದೆ, ಹೋಗೋಣ ಬಾರೋ ಅಂದೆ. ಅವನು ತುಂಬಾ ಮರ್ಯಾದೆಯಿಂದಲೇ ಕೇಳಿದ: "ಮಾಮ, ಟಿವಿಯಲ್ಲೇ ಮ್ಯಾಡ್ರಿಡ್ ಸಿಗುತ್ತಲ್ಲ, ಕಂಠೀರವಕ್ಕೆ ಯಾಕೆ ಹೋಗ್ತೀಯ?"

ಇದನ್ನು ನನಗೆ ಎಲ್ಲರೂ ಕೇಳುತ್ತಾರೆ. ಆಫೀಸಿನಲ್ಲಿ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು ಕೇಳಿದ್ದಾರೆ. ಆದರೆ ಒಂದು ವಿಷಯ ಗಮನಿಸಿದ್ದೇನೆ. 2013ರಲ್ಲಿ ನಾನು ಮ್ಯಾಚ್‌ಗೆ ಹೋಗಲು ಶುರು ಮಾಡಿದಾಗ ಪ್ರಶ್ನೆಯೇ ಬೇರೆ ಇತ್ತು. "ಕ್ರಿಕೆಟ್ ಬಿಟ್ಟು ಇದ್ಯಾಕೋ ನಿನಗೆ?" ಅಂತಿದ್ದರು. ಆ ಪ್ರಶ್ನೆ ಈಗ ಯಾರ ಬಾಯಲ್ಲೂ ಬರುವುದಿಲ್ಲ. ಈಗ ಕೇಳುವವರು ತಾವೇ ರಾತ್ರಿ ಒಂದೂವರೆಗೆ ಅಲಾರಂ ಇಟ್ಟು ಎದ್ದು ಚಾಂಪಿಯನ್ಸ್ ಲೀಗ್ ನೋಡುವವರು. ಫುಟ್‌ಬಾಲ್ ಯಾಕೆ ಅಂತ ಅವರಿಗೆ ಹೇಳಬೇಕಾಗಿಲ್ಲ. ಇಲ್ಲಿನ ಫುಟ್‌ಬಾಲ್ ಯಾಕೆ ಅನ್ನುವುದಷ್ಟೇ ಅವರ ಪ್ರಶ್ನೆ. ಆಟ ನಮ್ಮಲ್ಲಿ ಎಷ್ಟು ಬೆಳೆದಿದೆ ಅನ್ನುವುದು ಈ ಪ್ರಶ್ನೆ ಬದಲಾದ ರೀತಿಯಲ್ಲೇ ಗೊತ್ತಾಗುತ್ತೆ, ಅಲ್ವಾ?

ಮೊದಲು ಒಪ್ಪಬೇಕಾದ್ದನ್ನು ಒಪ್ಪಿಬಿಡುತ್ತೇನೆ. ಆಟದ ಗುಣಮಟ್ಟದಲ್ಲಿ ಹೋಲಿಕೆ ಇಲ್ಲ. ಅಲ್ಲಿ ಎರಡು ಟಚ್‌ನಲ್ಲಿ ಆಗುವ ಪಾಸ್‌ಗೆ ಇಲ್ಲಿ ನಾಲ್ಕು ಬೇಕಾಗುತ್ತೆ. ನಮ್ಮ ದೇಶದ ತಂಡ 2025ರ ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಾಪುರದ ಎದುರು ಸೋತು ಏಷ್ಯನ್ ಕಪ್ ದಾರಿಯನ್ನೇ ಕಳೆದುಕೊಂಡಿತು. ಆ ರಾತ್ರಿ ನಾನು ಊಟ ಮಾಡಲಿಲ್ಲ. ಹಾಗಾಗಿ ನಮ್ಮ ಆಟ ಅವರ ಆಟಕ್ಕೆ ಸಮ ಅಂತ ಯಾರ ಹತ್ತಿರವೂ ನಾನು ವಾದ ಮಾಡುವುದಿಲ್ಲ.

ಆದರೂ ಹೋಗುತ್ತೇನೆ. ಯಾಕೆ ಅಂದರೆ, ಫುಟ್‌ಬಾಲ್ ಅಂದರೆ ಏನು ಅನ್ನುವುದು ನನಗೆ ಅರ್ಥವಾಗಿದ್ದೇ ಸ್ಟೇಡಿಯಂನಲ್ಲಿ.

ನಾನು ತುಮಕೂರಿನ ಕಡೆಯವನು. ಓದಲು ಬೆಂಗಳೂರಿಗೆ ಬಂದಾಗ ರೂಮ್‌ಮೇಟ್ ಕೇರಳದವನು. ಅವನು ಎಳೆದುಕೊಂಡು ಹೋಗಿದ್ದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ. ಬೆಂಗಳೂರು ಎಫ್‌ಸಿ ಹುಟ್ಟಿದ ವರ್ಷ ಅದು. ಆಗ ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್‌ನಲ್ಲಿ ಮೊದಲ ಮ್ಯಾಚ್ ಕೋಲ್ಕತ್ತದ ಮೋಹನ್ ಬಗಾನ್ ಎದುರು, 1-1 ಡ್ರಾ. ಒಂದು ಕಡೆ ನೂರು ವರ್ಷ ದಾಟಿದ ಕ್ಲಬ್, ಇನ್ನೊಂದು ಕಡೆ ಕೆಲವೇ ತಿಂಗಳ ಕೂಸು. ಆ ಕೂಸು ಅದೇ ಸೀಸನ್‌ನಲ್ಲಿ ಲೀಗ್ ಗೆದ್ದುಬಿಟ್ಟಿತು. 2014ರ ಏಪ್ರಿಲ್‌ನಲ್ಲಿ ಗೋವಾಕ್ಕೆ ಹೋಗಿ ಡೆಂಪೋ ತಂಡವನ್ನು 4-2ರಿಂದ ಸೋಲಿಸಿ ಕಪ್ ಖಚಿತ ಮಾಡಿಕೊಂಡಿತು. ಅಷ್ಟರಲ್ಲಿ ನಾನು ಪೂರ್ತಿ ಮುಳುಗಿದ್ದೆ.

ಟಿವಿಯಲ್ಲಿ ಕ್ಯಾಮೆರಾ ಬಾಲ್ ಹಿಂದೆ ಓಡುತ್ತೆ. ನೀವೂ ಬಾಲನ್ನೇ ನೋಡುತ್ತೀರಿ, ಬೇರೆ ದಾರಿಯಿಲ್ಲ. ಆದರೆ ತೊಂಬತ್ತು ನಿಮಿಷದ ಮ್ಯಾಚ್‌ನಲ್ಲಿ ಒಬ್ಬ ಆಟಗಾರನ ಕಾಲಲ್ಲಿ ಬಾಲ್ ಇರುವುದು ಎರಡೋ ಮೂರೋ ನಿಮಿಷ ಅಷ್ಟೇ. ಉಳಿದ ಹೊತ್ತೆಲ್ಲಾ ಅವನೇನು ಮಾಡುತ್ತಾನೆ? ಅದೇ ಆಟ. ಕಂಠೀರವದಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ, ಹಾಗಾಗಿ ಮುಂದಿನ ಸಾಲಲ್ಲಿ ಕೂತರೂ ಆಟಗಾರರು ದೂರವೇ. ಬಹಳ ಜನ ಇದಕ್ಕೆ ಬೇಜಾರು ಮಾಡಿಕೊಳ್ಳುತ್ತಾರೆ. ಮೇಲಿನ ಸಾಲಿಗೆ ಹೋಗಿ ಕೂತು ನೋಡಿ. ಬಾಲ್ ಬಲಗಡೆ ಹೋದರೆ ನಾಲ್ಕು ಡಿಫೆಂಡರ್‌ಗಳೂ ಒಂದೇ ಹಗ್ಗಕ್ಕೆ ಕಟ್ಟಿದ ಹಾಗೆ ಬಲಕ್ಕೆ ಜರುಗುತ್ತಾರೆ, ಎಡಗಡೆಯವನು ತನ್ನ ಮೂಲೆ ಬಿಟ್ಟು ಒಳಗೆ ಬರುತ್ತಾನೆ, ಗೋಲ್‌ಕೀಪರ್ ಕೈ ಬೀಸಿ ಕೂಗುತ್ತಲೇ ಇರುತ್ತಾನೆ, ಮಿಡ್‌ಫೀಲ್ಡರ್ ಪಾಸ್ ಬರುವ ಮೊದಲೇ ಎರಡು ಸಲ ಹೆಗಲ ಮೇಲಿಂದ ಹಿಂದೆ ನೋಡಿರುತ್ತಾನೆ. ಒಬ್ಬ ತಪ್ಪು ಹೆಜ್ಜೆ ಇಟ್ಟರೆ ಎಲ್ಲೋ ಒಂದು ಜಾಗ ತೆರೆದುಕೊಳ್ಳುತ್ತೆ. ಅದು ನಿಮಗೆ ಮೇಲಿಂದ ಕಾಣುತ್ತೆ, ಬಾಲ್ ಕಾಲಲ್ಲಿ ಇರುವವನಿಗೆ ಇನ್ನೂ ಕಂಡಿಲ್ಲ. ಆ ಒಂದು ಕ್ಷಣ ಇಡೀ ಸ್ಟ್ಯಾಂಡ್ ಎದ್ದು ನಿಲ್ಲುತ್ತೆ, ಇನ್ನೂ ಏನೂ ಆಗಿಲ್ಲದಿದ್ದರೂ.

ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿಯನ್ನೇ ತೆಗೆದುಕೊಳ್ಳಿ. ಎತ್ತರದ ಆಳಲ್ಲ. ಆದರೂ ತಲೆಯಿಂದ ಎಷ್ಟೊಂದು ಗೋಲು ಹೊಡೆದಿದ್ದಾರೆ. ಹೇಗೆ ಅನ್ನುವುದು ಟಿವಿಯಲ್ಲಿ ಗೊತ್ತಾಗಲ್ಲ, ಯಾಕೆಂದರೆ ಪಕ್ಕದಿಂದ ಗೋಲಿನ ಮುಂದಕ್ಕೆ ಕ್ರಾಸ್ ಬರುವಾಗ ಕ್ಯಾಮೆರಾ ಕ್ರಾಸ್ ಹೊಡೆಯುವವನ ಮೇಲಿರುತ್ತೆ. ಸ್ಟೇಡಿಯಂನಲ್ಲಿ ನಾನು ಎಷ್ಟೋ ಮ್ಯಾಚ್ ಬಾಲ್ ಬಿಟ್ಟು ಅವರನ್ನೇ ನೋಡಿದ್ದೇನೆ. ಡಿಫೆಂಡರ್ ಬಾಲ್ ಕಡೆ ತಲೆ ತಿರುಗಿಸಿದ ತಕ್ಷಣ ಇವರು ಅವನ ಬೆನ್ನ ಹಿಂದೆ ಎರಡು ಹೆಜ್ಜೆ ಸರಿಯುತ್ತಾರೆ. ಅವನು ತಿರುಗಿ ಹುಡುಕಿದರೆ ಮತ್ತೆ ಮುಂದೆ. ಹತ್ತು ಸಲ ಹೀಗೆ ಮಾಡಿದರೆ ಒಂಬತ್ತು ಸಲ ಬಾಲೇ ಬರುವುದಿಲ್ಲ. ಹತ್ತನೇ ಸಲ ಬರುತ್ತೆ. ಆ ಒಂಬತ್ತು ಓಟಗಳನ್ನು ನೋಡಿದವರಿಗೆ ಹತ್ತನೆಯದರ ಬೆಲೆ ಗೊತ್ತು.

ಇನ್ನು 2016ರ ಅಕ್ಟೋಬರ್ 19. ಏಷ್ಯಾದ ಕ್ಲಬ್‌ಗಳ ಟೂರ್ನಿ ಎಎಫ್‌ಸಿ ಕಪ್‌ನ ಸೆಮಿಫೈನಲ್, ಎದುರಾಳಿ ಮಲೇಷ್ಯಾದ ಜೊಹೋರ್ ದಾರುಲ್ ತಾಝಿಂ. ಹಿಂದಿನ ವರ್ಷ ಕಪ್ ಗೆದ್ದವರೇ ಅವರು. ಎರಡು ಮ್ಯಾಚ್‌ಗಳ ಸೆಮಿಫೈನಲ್‌ನಲ್ಲಿ ಮೊದಲನೆಯದು ಅಲ್ಲಿ 1-1 ಆಗಿತ್ತು, ಇಲ್ಲಿ ಮೊದಲ ಗೋಲು ಅವರೇ ಹೊಡೆದರು. ಸ್ಟೇಡಿಯಂ ಒಂದು ಕ್ಷಣ ಸ್ತಬ್ಧ. ಆಮೇಲೆ ನಮ್ಮ ಕಟ್ಟಾ ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್‌ನಲ್ಲಿ ಯಾರೋ ಮತ್ತೆ ಡ್ರಮ್ ಬಾರಿಸಲು ಶುರು ಮಾಡಿದರು, ಒಂದೊಂದೇ ಸಾಲು ಸೇರಿಕೊಂಡಿತು. ಮೊದಲ ಅರ್ಧ ಮುಗಿಯುವ ಮೊದಲು ಛೆಟ್ರಿ ಸಮ ಮಾಡಿದರು. ಎರಡನೇ ಅರ್ಧದಲ್ಲಿ ದೂರದಿಂದ ಹೊಡೆದ ಇನ್ನೊಂದು. ಆಮೇಲೆ ನಮ್ಮ ಡಿಫೆಂಡರ್ ಹುವಾನಾನ್ ಮೂರನೆಯದು. 3-1. ಭಾರತದ ಕ್ಲಬ್ ಒಂದು ಎಎಫ್‌ಸಿ ಕಪ್ ಫೈನಲ್‌ಗೆ ಹೋಗಿದ್ದು ಅದೇ ಮೊದಲು. ಪಕ್ಕದಲ್ಲಿದ್ದ ಗೊತ್ತಿಲ್ಲದ ದೊಡ್ಡವರೊಬ್ಬರು ನನ್ನನ್ನು ತಬ್ಬಿಕೊಂಡು ಅತ್ತರು. ನಾನೂ ಅತ್ತೆ. ದೋಹಾದ ಫೈನಲ್‌ನಲ್ಲಿ ಇರಾಕ್‌ನ ತಂಡಕ್ಕೆ ಒಂದು ಗೋಲಿನಿಂದ ಸೋತೆವು, ನೋವಾಯಿತು. ಆದರೆ ಆ ರಾತ್ರಿಯನ್ನು ಯಾರೂ ನನ್ನಿಂದ ಕಿತ್ತುಕೊಳ್ಳಲಾಗಲ್ಲ.

ಸೋಲು ಅಂದಾಗ 2018ರ ಮಾರ್ಚ್ 17 ನೆನಪಾಗುತ್ತೆ. ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್‌ನ ಫೈನಲ್, ನಮ್ಮದೇ ಕಂಠೀರವ, ಒಂಬತ್ತನೇ ನಿಮಿಷಕ್ಕೆ ಛೆಟ್ರಿ ಗೋಲು. ಆದರೂ ಚೆನ್ನೈಯಿನ್ 3-2ರಿಂದ ಗೆದ್ದು ಕಪ್ ಎತ್ತಿಕೊಂಡು ಹೋಯಿತು. ಸರಿಯಾಗಿ ಒಂದು ವರ್ಷಕ್ಕೆ, ಅದೇ ಮಾರ್ಚ್ 17ಕ್ಕೆ, ಮುಂಬೈನಲ್ಲಿ ಗೋವಾ ಎದುರು ಎಕ್ಸ್‌ಟ್ರಾ ಟೈಮ್ ಮುಗಿಯಲು ಮೂರು ನಿಮಿಷ ಇದ್ದಾಗ ನಮ್ಮ ರಾಹುಲ್ ಭೇಕೆ ಕಾರ್ನರ್‌ನಿಂದ ಬಂದ ಬಾಲನ್ನು ತಲೆಯಿಂದ ಗೋಲಿಗೆ ಹೊಡೆದರು, ಕಪ್ ನಮ್ಮದಾಯಿತು. ಹಿಂದಿನ ವರ್ಷದ ಸೋಲನ್ನು ಕೂತು ನೋಡಿರದಿದ್ದರೆ ಆ ಗೆಲುವು ನನಗೆ ಅಷ್ಟು ದೊಡ್ಡದಾಗುತ್ತಿರಲಿಲ್ಲ. ಮ್ಯಾಡ್ರಿಡ್ ಗೆದ್ದರೆ ನನಗೆ ಖುಷಿ ಆಗುತ್ತೆ, ನಿಜ. ಆದರೆ ಅವರು ಗೆದ್ದಿದ್ದರಲ್ಲಿ ನನ್ನ ಗಂಟಲು ಹೋಗಿರುವುದಿಲ್ಲ.

ಇನ್ನೊಂದು ಮಾತು ಆಗಾಗ ಕೇಳುತ್ತೇನೆ: ಫುಟ್‌ಬಾಲ್ ನಮ್ಮ ಕಡೆ ಹೊಸ ಗೀಳು, ಐಎಸ್‌ಎಲ್ ಬಂದ ಮೇಲೆ ಶುರುವಾಗಿದ್ದು ಅಂತ. ನಾನೂ ಹಾಗೇ ಅಂದುಕೊಂಡಿದ್ದೆ. ತಪ್ಪು ಅಂತ ತಿಳಿಸಿಕೊಟ್ಟವರು ನಮ್ಮ ಮನೆ ಓನರ್ ತಾತ. ಐಟಿಐ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದವರು. ನನ್ನ ನೀಲಿ ಜೆರ್ಸಿ ನೋಡಿ ಒಂದು ಸಂಜೆ ಗೇಟ್ ಹತ್ತಿರ ನಿಲ್ಲಿಸಿ, "ನೋಡಪ್ಪಾ, ಐಟಿಐ, ಎಚ್‌ಎಎಲ್ ಮ್ಯಾಚ್ ಅಂದರೆ ನಾವು ಶಿಫ್ಟ್ ಮುಗಿಸಿ ಊಟ ಬಿಟ್ಟು ಓಡ್ತಿದ್ವಿ" ಅಂದರು. ಅವತ್ತಿಂದ ನಾನು ಹುಡುಕಿ ಓದಲು ಶುರು ಮಾಡಿದೆ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಅನ್ನುವ ನಮ್ಮ ಊರಿನ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದಿತ್ತು. ಅಲ್ಲಿಯವರೆಗೆ ಆ ಕಪ್ ಗೆಲ್ಲುತ್ತಿದ್ದದ್ದು ಬ್ರಿಟಿಷ್ ತಂಡಗಳೇ. ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದವರು ಯಾರು ಗೊತ್ತಾ? 1948ರ ಲಂಡನ್ ಒಲಿಂಪಿಕ್ಸ್, ಫ್ರಾನ್ಸ್ ಎದುರು, ಮೈಸೂರಿನ ಆಟಗಾರ ಸಾರಂಗಪಾಣಿ ರಾಮನ್. 1956ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆದಾಗ ತಂಡದಲ್ಲಿ ಕೆಂಪಯ್ಯ ಇದ್ದರು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ. ಹಲಸೂರು ಹತ್ತಿರದ ಗೌತಮಪುರದಲ್ಲಿ ಪೆಲೆ ಪ್ರತಿಮೆಯೇ ಇದೆ, ಹೋಗಿ ನೋಡಿಬನ್ನಿ. ಆಸ್ಟಿನ್ ಟೌನ್‌ನ ಮೈದಾನದಲ್ಲಿ ಇವತ್ತಿಗೂ ಹುಡುಗರು ಆಡುತ್ತಾರೆ. ತಾತನ ಹಾಗೆ ಊಟ ಬಿಟ್ಟು ಓಡಿದವರು ನನಗಿಂತ ಎಷ್ಟೋ ಮುಂಚೆ ಈ ಊರಲ್ಲಿ ಇದ್ದರು. ನಡುವೆ ಎಲ್ಲೋ ಆ ಸ್ಟ್ಯಾಂಡ್‌ಗಳು ಖಾಲಿಯಾದವು.

ಆ ಖಾಲಿತನದ ಬಗ್ಗೆ ನನಗೆ ತುಂಬಾ ಸಂಕಟ ಇದೆ. 2023ರ ಮಾರ್ಚ್ 4ರಂದು ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯ ಆಗಿದ್ದಾಗ 1968-69ರಲ್ಲಿ ಗೆದ್ದಿದ್ದೇ ಕೊನೆ, 54 ವರ್ಷ ಕಾದು ಸಿಕ್ಕ ಕಪ್ ಇದು. ಮಾರನೇ ದಿನ ಆಫೀಸಿನಲ್ಲಿ ಸ್ವೀಟ್ ಹಂಚಿದೆ. ಯಾಕೆ ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಅದೇ ಜನಕ್ಕೆ ಆ ವಾರ ಇಂಗ್ಲೆಂಡಿನಲ್ಲಿ ಯಾರು ಗೆದ್ದರು, ಯಾರಿಗೆ ಗಾಯವಾಯಿತು, ಎಲ್ಲಾ ಗೊತ್ತಿತ್ತು.

2018ರ ಜೂನ್‌ನಲ್ಲಿ, ಭಾರತ ತಂಡದ ನಾಯಕರಾಗಿದ್ದ ಛೆಟ್ರಿ ಸ್ಟೇಡಿಯಂಗೆ ಬನ್ನಿ ಅಂತ ಕೈಮುಗಿದು ಕೇಳಿದ್ದರು. ಮುಂಬೈನಲ್ಲಿ ಭಾರತ ಚೈನೀಸ್ ತೈಪೆಯನ್ನು 5-0ರಿಂದ ಸೋಲಿಸಿದಾಗ, ಅವರು ಹ್ಯಾಟ್ರಿಕ್ ಹೊಡೆದಾಗ, ಸ್ಟೇಡಿಯಂನಲ್ಲಿ ಇದ್ದದ್ದು ಎರಡೂವರೆ ಸಾವಿರದಷ್ಟು ಜನ. ಮರುದಿನ ವಿಡಿಯೋ ಹಾಕಿದರು. ಯುರೋಪಿನ ಕ್ಲಬ್‌ಗಳನ್ನು ಇಷ್ಟಪಡುವವರನ್ನೇ ಮಾತಾಡಿಸಿ, ನಮ್ಮ ಆಟ ಆ ಮಟ್ಟದಲ್ಲಿ ಇಲ್ಲ ಅಂತ ಗೊತ್ತು, ಬೈಯಿರಿ, ಟೀಕೆ ಮಾಡಿ, ಆದರೆ ಸ್ಟೇಡಿಯಂಗೆ ಬಂದು ಮಾಡಿ ಅನ್ನುವ ಅರ್ಥದ ಮಾತು. ಎರಡೇ ದಿನಕ್ಕೆ ಕೀನ್ಯಾ ಎದುರಿನ ಮ್ಯಾಚ್‌ನ ಟಿಕೆಟ್ ಎಲ್ಲಾ ಖಾಲಿ. ಕರೆದರೆ ಜನ ಬರುತ್ತಾರೆ, ಅದಕ್ಕೆ ನನಗೆ ಇನ್ನೊಂದು ಸಾಕ್ಷಿ ನಮ್ಮ ಊರಲ್ಲೇ ಸಿಕ್ಕಿತು. 2023ರಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಶಿಪ್ ಕಂಠೀರವದಲ್ಲಿ ನಡೆದಾಗ, ಸುರಿಯುವ ಮಳೆಯಲ್ಲಿ ಪಾಕಿಸ್ತಾನದ ಎದುರು 4-0 ಗೆದ್ದದ್ದು, ಫೈನಲ್‌ನಲ್ಲಿ ಕುವೈತ್ ಎದುರು ಪೆನಾಲ್ಟಿವರೆಗೆ ಹೋಗಿ ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಕೊನೆಯ ಹೊಡೆತ ತಡೆದು ಗೆಲ್ಲಿಸಿದ್ದು, ಆಮೇಲೆ ಇಡೀ ಸ್ಟೇಡಿಯಂ ಒಂದೇ ದನಿಯಲ್ಲಿ ವಂದೇ ಮಾತರಂ ಹಾಡಿದ್ದು. ಅವತ್ತು ನನ್ನ ಪಕ್ಕ ಮೊದಲ ಸಲ ಸ್ಟೇಡಿಯಂಗೆ ಬಂದ ಮೂರು ಮನೆಯವರು ಮಕ್ಕಳ ಸಮೇತ ಇದ್ದರು.

ಹಾಗಾದರೆ ಫುಟ್‌ಬಾಲ್ ಬೆಳೆಯುತ್ತಿದೆಯಾ? ಖಂಡಿತ. ನಾನು ಇರುವ ಏರಿಯಾದಲ್ಲಿ ಹತ್ತು ವರ್ಷದ ಹಿಂದೆ ಕೃತಕ ಹುಲ್ಲಿನ ಸಣ್ಣ ಮೈದಾನ, ಅಂದರೆ ಟರ್ಫ್, ಒಂದೂ ಇರಲಿಲ್ಲ. ಈಗ ರಾತ್ರಿ ಹನ್ನೊಂದಕ್ಕೂ ಲೈಟ್ ಹಾಕಿಕೊಂಡು ಹುಡುಗರು ಆಡುತ್ತಿರುತ್ತಾರೆ, ಬೆಳಿಗ್ಗೆ ಹುಡುಗಿಯರ ಕೋಚಿಂಗ್ ಇರುತ್ತೆ. ಇದು ನನಗೆ ಬಹಳ ಸಂತೋಷದ ವಿಷಯ. ಆದರೆ 2025ರ ಡಿಸೆಂಬರ್ ನೆನೆಸಿಕೊಳ್ಳಿ. ಮೆಸ್ಸಿ ಬಂದರು. ಕೋಲ್ಕತ್ತದಲ್ಲಿ ಜನ ಸಾವಿರಾರು ರೂಪಾಯಿ ಕೊಟ್ಟು ಬಂದು, ಸರಿಯಾಗಿ ಕಾಣಿಸಲೇ ಇಲ್ಲ ಅಂತ ಸಿಟ್ಟಿನಲ್ಲಿ ಕುರ್ಚಿ ಕಿತ್ತು ಎಸೆದರು. ಅದೇ ಹೊತ್ತಿಗೆ ನಮ್ಮ ಐಎಸ್‌ಎಲ್ ಆ ಸೀಸನ್ ಶುರುವಾಗದೇ ನಿಂತಿತ್ತು. ಒಪ್ಪಂದದ ಗೊಂದಲದಲ್ಲಿ ಜುಲೈನಿಂದ ತಡೆಹಿಡಿದಿದ್ದರು. ಮೆಸ್ಸಿಯನ್ನು ನೋಡಬೇಕು ಅನ್ನುವ ಆಸೆ ನನಗೂ ಇದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇಷ್ಟು ಜನ ಪ್ರೀತಿಸುವ ಆಟಕ್ಕೆ ಈ ದೇಶದಲ್ಲಿ ಒಂದು ಲೀಗ್ ಹೊತ್ತಿಗೆ ಸರಿಯಾಗಿ ನಡೆಯಲಿಲ್ಲ ಅಂದರೆ, ಆ ಪ್ರೀತಿಯೆಲ್ಲಾ ಎಲ್ಲಿಗೆ ಹೋಗುತ್ತಿದೆ? ಹುಡುಗ ಒಬ್ಬ ಟರ್ಫ್‌ನಲ್ಲಿ ಚೆನ್ನಾಗಿ ಆಡಿ ಬೆಳೆದರೆ ಅವನು ಆಡಬೇಕಾದ್ದು ಇಲ್ಲೇ, ಈ ಲೀಗ್‌ನಲ್ಲೇ. ಮ್ಯಾಡ್ರಿಡ್ ಅವನನ್ನು ಹುಡುಕಿಕೊಂಡು ಬರುವುದಿಲ್ಲ. ಅವನು ಆಡುವ ದಿನ ಸ್ಟ್ಯಾಂಡ್‌ನಲ್ಲಿ ಜನ ಇರಬೇಕು. ನಾನು ಹೋಗುವುದಕ್ಕೆ ಇದೂ ಒಂದು ಕಾರಣ, ವರ್ಷ ಕಳೆದ ಹಾಗೆ ಇದೇ ದೊಡ್ಡ ಕಾರಣ ಆಗುತ್ತಿದೆ.

ಅಕ್ಕನ ಮಗನಿಗೆ ಇಷ್ಟೆಲ್ಲಾ ಹೇಳಲಿಲ್ಲ. ಸುಮ್ನೆ ಕರೆದುಕೊಂಡು ಹೋದೆ. ಕಬ್ಬನ್ ಪಾರ್ಕ್ ಮೆಟ್ರೋದಲ್ಲಿ ಇಳಿದು ನಡೆದೆವು, ಮೇಲಿನ ಸಾಲಲ್ಲಿ ಕೂತೆವು. ಮೊದಲ ಅರ್ಧ ಅವನಿಗೆ ಬೋರ್ ಆಯಿತು ಅಂತ ಕಾಣುತ್ತೆ, ರೀಪ್ಲೇ ಯಾಕೆ ಇಲ್ಲ ಅಂತ ಎರಡು ಸಲ ಕೇಳಿದ. ಎರಡನೇ ಅರ್ಧದಲ್ಲಿ ನಮ್ಮ ಲೆಫ್ಟ್ ಬ್ಯಾಕ್ ನಾವು ಕೂತಿದ್ದ ಕಡೆಗೆ ಬಂದ. ಆಮೇಲೆ ಇವನ ಮಾತೇ ಇಲ್ಲ. ಮ್ಯಾಚ್ ಮುಗಿದು ಆಟಗಾರರು ವೆಸ್ಟ್ ಬ್ಲಾಕ್ ಮುಂದೆ ನಿಂತು ಜನರ ಜೊತೆ ಚಪ್ಪಾಳೆ ಹೊಡೆಯುವಾಗಲೂ ಇವನು ಏನೋ ಯೋಚನೆ ಮಾಡುತ್ತಾ ನಿಂತಿದ್ದ. ವಾಪಸ್ ಬರುವಾಗ ಮೆಟ್ರೋದಲ್ಲಿ ಕಂಬಿ ಹಿಡಿದು ನಿಂತುಕೊಂಡು ಕೇಳಿದ: "ಮಾಮ, ಅವನು ಬಾಲ್ ನೋಡಿದ್ದಕ್ಕಿಂತ ಹಿಂದೆ ತಿರುಗಿ ನೋಡಿದ್ದೇ ಜಾಸ್ತಿ ಅಲ್ವಾ? ನಾನು ಒಂದು ಸಲನೂ ಹಾಗೆ ನೋಡಲ್ಲ."